ಮಣ್ಣು ಎಲ್ಲವನ್ನೂ ಸೋಸೀತೆ?

“ಮಣ್ಣು ಎಲ್ಲವನ್ನೂ ಸೋಸುತ್ತದೆ ಮಾರಾಯ್ರೇ!” ಕಾಫಿ ಕೊಯ್ಲಿನ ದಿನಗಳಲ್ಲಿ ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದಾಗಲೆಲ್ಲ ದೊರೆಯುವ ಸಿದ್ಧ ಉತ್ತರವಿದು. ಈಗ ಇದಕ್ಕೆ ವಿಜ್ಞಾನದ ಮುದ್ರೆಯನ್ನೂ ಒತ್ತಲಾಗುತ್ತಿದೆ. ಜೇಡಿಮಣ್ಣು ಕ್ರಿಯಾವರ್ಧಕವಾಗಿ ತ್ಯಾಜ್ಯನೀರನ್ನು ಶುದ್ಧಗೊಳಿಸುತ್ತದೆಂದು ಸಂಶೋಧಕರೇ ಹೇಳಿಲ್ಲವೇ ಎಂಬುದು ವಾದ. ಹೇಳಿದ್ದಾರೆ, ಆದರೆ ತೋಟದ ಮೂಲೆಯ ಗುಂಡಿಯ ಕುರಿತು ಹೇಳಿಲ್ಲ.

ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕೂಡಿದಾಗ ಟಾರ್ಟಾರಿಕ್ ಆಮ್ಲವು ಉತ್ಕರ್ಷಣಗೊಳ್ಳುವುದನ್ನು ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದರು. ಆ ಕೂಟದಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕ್ಷಣಕಾಲವೂ ಬಾಳದು, ಆದರೆ ಎದುರಾದ ಸಾವಯವ ಅಣುವನ್ನು ಮುರಿಯುವಷ್ಟು ಉಗ್ರವಾದುದು. ಕಬ್ಬಿಣವನ್ನು ನೀರಿನಲ್ಲಿ ಕರಗಿಸಿ ಬಳಸಿದರೆ ಕೊನೆಗೆ ಕೆಂಪು ಕೆಸರು ರಾಶಿಯಾಗಿ ಉಳಿಯುತ್ತದೆ. ಅದರ ಬದಲು ಮಾಂಟ್‌ಮೊರಿಲೊನೈಟಿನಂತಹ ಜೇಡಿಯ ಪದರಗಳ ನಡುವೆ, ಪುಸ್ತಕದ ಹಾಳೆಗಳ ನಡುವೆ ಇಟ್ಟಂತೆ, ಕಬ್ಬಿಣವನ್ನು ಕೂರಿಸಿದರೆ ಅದೇ ಮಣ್ಣನ್ನು ಹಲವು ಬಾರಿ ಬಳಸಬಹುದು. ಸೊಗಸಾದ ವಿದ್ಯೆ, ನಾನು ಅದರ ವಿರೋಧಿಯಲ್ಲ. ಆದರೆ ಅಲ್ಲಿ ಪೆರಾಕ್ಸೈಡ್ ಬೇಕು, ಆಮ್ಲೀಯತೆ ಹದದಲ್ಲಿರಬೇಕು, ಕಲಕಬೇಕು, ಕಾಯಬೇಕು, ಕಡೆಗೆ ಮಣ್ಣನ್ನು ಬೇರ್ಪಡಿಸಬೇಕು. ನಮ್ಮ ಕೆಂಪು ಮಣ್ಣಿನಲ್ಲಿಯೂ ಕಬ್ಬಿಣ ಧಾರಾಳವಾಗಿದೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. ಪೆರಾಕ್ಸೈಡ್ ಇಲ್ಲದೆ ಅದು ಕಡ್ಡಿಗಳಿಲ್ಲದ ಬೆಂಕಿಪೊಟ್ಟಣ. ಗುಂಡಿಯ ಮಣ್ಣು ಒಂದಿಷ್ಟು ಕೊಳೆಯನ್ನು ಮೈಗೆ ಅಂಟಿಸಿಕೊಂಡೀತು, ಅದರಲ್ಲಿರುವ ಸೂಕ್ಷ್ಮಜೀವಿಗಳು ಒಂದಿಷ್ಟನ್ನು ತಿಂದಾವು. ಮಿಕ್ಕದ್ದು ಇಳಿಜಾರಿನ ಕೆಳಗಿರುವ ಬಾವಿಯ ಪಾಲು.

ಇನ್ನೊಂದು ಮಾತು. ಪಲ್ಪರ್ ನೀರಿನಲ್ಲಿರುವುದು ಹೆಚ್ಚಾಗಿ ಹಣ್ಣಿನ ಸಕ್ಕರೆ ಮತ್ತು ಲೋಳೆಯ ಪೆಕ್ಟಿನ್. ಇವನ್ನು ನಾಶಮಾಡಲು ಪೆರಾಕ್ಸೈಡ್ ಸುರಿಯುವುದು ದುಬಾರಿ ಅವಿವೇಕ. ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳೇ ಅವನ್ನು ತಿಂದು ಉರಿಸಲು ಅನಿಲ ಕೊಡುತ್ತವೆ. ಅವು ಜೀರ್ಣಿಸಲಾರದೆ ಬಿಟ್ಟ, ನೀರನ್ನು ಕಪ್ಪಾಗಿಸುವ ಫೀನಾಲ್ ಜಾತಿಯ ಪದಾರ್ಥಗಳಿಗೆ ಮಾತ್ರ ಜೇಡಿಯ ವಿದ್ಯೆಯನ್ನು ಕರೆಯುವುದು ಯುಕ್ತ. ಸಂಸ್ಕರಿಸದ ಈ ನೀರಿನ ಬಿಒಡಿ, ಎಂದರೆ ಕೊಳೆಯುವಾಗ ಅದು ಕಬಳಿಸುವ ಆಮ್ಲಜನಕ, ಲೀಟರಿಗೆ ಸಾವಿರಾರು ಮಿಲಿಗ್ರಾಂ. ಹಳ್ಳಹೊಳೆಗೆ ಬಿಡುವ ತ್ಯಾಜ್ಯನೀರಿಗೆ ದೇಶದ ಸಾಮಾನ್ಯ ಮಾನದಂಡ 30 ಮಿಲಿಗ್ರಾಂ. ಕೊಯ್ಲು ನಡೆಯುವುದಾದರೂ ಮಳೆ ನಿಂತು ಹಳ್ಳಗಳು ಸೊರಗುವ ತಿಂಗಳುಗಳಲ್ಲಿ. ಕಾವೇರಿ, ಹೇಮಾವತಿ, ಭದ್ರೆಯರನ್ನು ಸೇರುವ ಮುನ್ನ ಆ ನೀರು ಎಷ್ಟು ಊರುಗಳ ಕೊಡಗಳನ್ನು ತುಂಬುತ್ತದೆಂಬುದನ್ನು ಪಲ್ಪರ್ ಮಾಲೀಕರಿಗೆ ನಾನು ಹೇಳಬೇಕಾಗಿಲ್ಲ.

ಮಣ್ಣಿನಿಂದಲೇ ಶುದ್ಧಗೊಳಿಸುತ್ತೇವೆನ್ನುವವರು ಹೊರಬಿಡುವ ನೀರಿನ ಬಿಒಡಿಯನ್ನು, ಅದರಲ್ಲಿ ಉಳಿದ ಪೆರಾಕ್ಸೈಡ್ ಮತ್ತು ಕಬ್ಬಿಣದ ಪ್ರಮಾಣವನ್ನು ಅಳೆಯಿಸಿ ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ಉಳಿದ ಪೆರಾಕ್ಸೈಡ್ ಮೀನಿಗೂ ಮಾರಕವೆಂಬುದನ್ನು ಮರೆಯದಿರಲಿ. ಬೆಂಟೊನೈಟ್ ದೂರದ ಕಚ್ಛಿನಿಂದ ಬರಬೇಕು, ಆದ್ದರಿಂದ ಇಲ್ಲಿಯ ಗುಡ್ಡವನ್ನೇ ಅಗೆಯೋಣವೆಂದು ಯಾರಾದರೂ ಹೊರಟರೆ ಅದು ಬೇರೆಯದೇ ಜಗಳ. 1974ರ ಜಲಮಾಲಿನ್ಯ ಕಾಯಿದೆ ಮಣ್ಣಿನ ಮಹಿಮೆಯನ್ನು ಕೇಳುವುದಿಲ್ಲ, ನೀರಿನ ಅಳತೆಯನ್ನು ಕೇಳುತ್ತದೆ. ಮುಂದಿನ ಕೊಯ್ಲಿಗೆ ಪಲ್ಪರ್ ತಿರುಗುವ ಮುನ್ನ ಗ್ರಾಮಸಭೆಯಲ್ಲಿ ಆ ಅಳತೆಯನ್ನು ನಾವೂ ಕೇಳೋಣ.