ಅನ್ನದ ಕಾವಲು

ಚೆನ್ನಾಗಿ ಕುದಿಸಿದ ಅನ್ನದಲ್ಲಿ ದೋಷವಿರದೆಂಬ ನಂಬಿಕೆಯು ನಮ್ಮ ಜನರಲ್ಲಿ ಬೇರೂರಿದೆ. ವಿಜ್ಞಾನವು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಕೆಲವು ಸೂಕ್ಷ್ಮಜೀವಿಗಳು ಗಟ್ಟಿ ಕವಚವುಳ್ಳ ಬೀಜಾಣುಗಳಾಗಿ ಮಾರ್ಪಟ್ಟು ಕುದಿನೀರಿನಲ್ಲಿಯೂ ಬದುಕಿ ಉಳಿಯುವುವೆಂದು ಜರ್ಮನಿಯ ಕೋನ್ ಮಹಾಶಯರು 1876ರಲ್ಲಿಯೇ ತೋರಿಸಿಕೊಟ್ಟರು. ಆರುವಾಗ ಬೀಜಾಣುಗಳು ಎಚ್ಚೆತ್ತು ಮೊಳೆಯುತ್ತವೆ. ಮೊಳೆತ ಬಳಿಕ ಕಾವಿಗೆ ಸಾಯುತ್ತವೆ. ಈ ಮರ್ಮವನ್ನರಿತು ಲಂಡನ್ನಿನ ಟಿಂಡಾಲ್ ಪಂಡಿತರು 1877ರಲ್ಲಿ ಬಿಟ್ಟುಬಿಟ್ಟು ಕಾಯಿಸುವ ಕ್ರಮವನ್ನು ರೂಪಿಸಿದರು. ಡಬ್ಬಿಯ ಆಹಾರಕ್ಕೆ ಒತ್ತಡದ ಆವಿಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಕಾವು ಕೊಡುವರು.

ದೊಡ್ಡ ಅಡಿಗೆಯ ಕೊಪ್ಪರಿಗೆಗೆ ಆ ಸೌಕರ್ಯವಿಲ್ಲ. ರಾಶಿ ಅನ್ನವು ಗಂಟೆಗಟ್ಟಲೆ ಉಗುರುಬೆಚ್ಚಗೆ ಕುಳಿತರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯು ಬೆಳೆದು ವಿಷವುಗುಳುವುದು. ಮತ್ತೆ ಕಾಯಿಸಿದರೂ ಆ ವಿಷ ಅಳಿಯದು. ಹೀಗಿರುವಲ್ಲಿ, ಶಾಲೆಯ ಮಕ್ಕಳು ಅಸ್ವಸ್ಥರಾದಾಗಲೆಲ್ಲ ಅಡಿಗೆಯವರ ಮೇಲೆ ತಪ್ಪು ಹೊರಿಸಿ ಕಡತವನ್ನು ಮುಚ್ಚುವುದು ನ್ಯಾಯವೆ?

ಬೆಂದ ಅನ್ನವನ್ನು 60 ಡಿಗ್ರಿಗೆ ಮೇಲ್ಪಟ್ಟು ಬಿಸಿಯಾಗಿಡಬೇಕು, ಇಲ್ಲವೆ ಶೀಘ್ರವಾಗಿ ತಣಿಸಿ 5 ಡಿಗ್ರಿಗೆ ಇಳಿಸಬೇಕು. ಪ್ರತಿ ಪಾಕಶಾಲೆಗೂ ಒಂದು ಉಷ್ಣಮಾಪಕ, ಬಡಿಸುವ ವೇಳೆಗೆ ಒಂದು ಕಟ್ಟುಪಾಡು: 1950ರಿಂದಲೂ ಮೈಸೂರಿನಲ್ಲಿ ಆಹಾರ ಸಂಶೋಧನಾಲಯವನ್ನು ಹೊಂದಿರುವ ನಾಡಿಗೆ ಇಷ್ಟು ಭಾರವಾಗದು. ಹಸಿದ ಮಗುವಿಗೆ ಅನ್ನವಿಕ್ಕುವ ಸರ್ಕಾರವು ಆ ಅನ್ನದ ಕಾವಲನ್ನೂ ವಹಿಸಿಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ.