ಕಂಪ್ರೆಸರ್ ಸುಟ್ಟಿದ್ದೇಕೆ?

ಹಳ್ಳಿಯ ಹಾಲು ಉತ್ಪಾದಕರ ಸಂಘಗಳಲ್ಲಿ ಸ್ಟೀಲಿನ ದೊಡ್ಡ ಶೀತಲ ತೊಟ್ಟಿ ಈಗ ಅಪರೂಪವೇನಲ್ಲ. ಆಗಷ್ಟೇ ಕರೆದು ತಂದ ಹಾಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರುತ್ತದೆ. ಕೆಲವೇ ಗಂಟೆಗಳಲ್ಲಿ ಅದು 4 ಡಿಗ್ರಿಗೆ ಇಳಿಯಬೇಕು. ಇಳಿಯದಿದ್ದರೆ ಟ್ಯಾಂಕರ್ ಬರುವ ಹೊತ್ತಿಗೆ ಹಾಲು ಹುಳಿಯಾಗುತ್ತದೆ. ನಷ್ಟ ಒಂದೆರಡು ಹಸು ಕಟ್ಟಿಕೊಂಡವರಿಗೆ.

ತೊಟ್ಟಿ ತಣ್ಣಗಾಗದಿದ್ದಾಗ ಮೆಕ್ಯಾನಿಕ್ ಬಂದು 'ಕಂಪ್ರೆಸರ್ ಸುಟ್ಟಿದೆ, ಬದಲಾಯಿಸಬೇಕು' ಎನ್ನುತ್ತಾನೆ. ಹೊಸದು ಬರುತ್ತದೆ. ಕೆಲವು ತಿಂಗಳಲ್ಲಿ ಅದೂ ಸುಟ್ಟರೆ ಎಲ್ಲರೂ ಬೈಯುವುದು ತಯಾರಿಸಿದವರನ್ನು. ಆದರೆ ಕಂಪ್ರೆಸರ್ ತಾನಾಗಿ ಸಾಯುವುದು ಕಡಿಮೆ. ಅದನ್ನು ಕೊಂದ ಕಾರಣ ಬಹುಮಟ್ಟಿಗೆ ಹೊರಗೆಲ್ಲೋ ಇರುತ್ತದೆ. ಹೊಸದನ್ನು ಕೂರಿಸಿದ ಮೇಲೂ ಅಲ್ಲೇ ಇರುತ್ತದೆ.

ಕಂಪ್ರೆಸರ್‌ನ ಕೆಲಸ ಅನಿಲವನ್ನು ಒತ್ತುವುದು. ದ್ರವ ಅದರ ಶತ್ರು. ಸಿರಿಂಜಿನ ತುದಿಗೆ ಬೆರಳಿಟ್ಟು ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಜಪ್ಪಯ್ಯ ಎಂದರೂ ಕುಗ್ಗುವುದಿಲ್ಲ. ದ್ರವ ಒಳನುಗ್ಗಿದರೆ ವಾಲ್ವಿನ ತೆಳು ತಗಡುಗಳು ಮುರಿಯುತ್ತವೆ. ಇನ್ನೊಂದು ಅಪಾಯ ಸದ್ದಿಲ್ಲದ್ದು. ರಾತ್ರಿ ಕರೆಂಟ್ ಹೋಗಿ ಯಂತ್ರ ತಣ್ಣಗೆ ಕುಳಿತಾಗ ಶೀತಕ ಅನಿಲ ಕಂಪ್ರೆಸರ್‌ನ ತಳದ ಎಣ್ಣೆಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಚಾಲೂ ಮಾಡಿದೊಡನೆ ಒತ್ತಡ ಇಳಿದು, ಸೋಡಾ ಬಾಟಲಿ ತೆರೆದಂತೆ ಎಣ್ಣೆ ನೊರೆಯಾಗಿ ಉಕ್ಕಿ ಹೊರಟುಹೋಗುತ್ತದೆ. ಬೇರಿಂಗುಗಳು ಒಣಗಿಯೇ ತಿರುಗುತ್ತವೆ. ಇದನ್ನು ತಡೆಯಲೆಂದೇ ತಳದಲ್ಲಿ ಪುಟ್ಟ ಹೀಟರ್ ಇರುತ್ತದೆ. ತಂಪು ಮಾಡುವ ಯಂತ್ರಕ್ಕೆ ಹೀಟರ್ ಯಾಕೆ ಎಂದು ಅದರ ತಂತಿ ಕಿತ್ತಿಡುವ ಜಾಣರೂ ಇದ್ದಾರೆ! ಜನರೇಟರ್ ಇರುವ ಕಡೆ ಹೀಟರನ್ನು ಆ ಲೈನಿಗೂ ಸೇರಿಸಿಡುವುದು ಲೇಸು.

ಬಿಸಿಯೂ ಕೊಲ್ಲುತ್ತದೆ. ಕಂಡೆನ್ಸರ್‌ನ ರೆಕ್ಕೆಗಳ ನಡುವೆ ಧೂಳು, ಹುಲ್ಲಿನ ಪುಡಿ ಕಟ್ಟಿಕೊಂಡರೆ ಶಾಖ ಹೊರಹೋಗದೆ ಒತ್ತಡ ಏರುತ್ತದೆ. ಅನಿಲ ಸೋರಿ ಕಡಿಮೆಯಾದರೂ ಕಷ್ಟವೇ: ಮುಚ್ಚಿದ ಕಂಪ್ರೆಸರ್‌ಗಳಲ್ಲಿ ಮೋಟಾರನ್ನು ತಂಪಾಗಿಡುವುದು ಮರಳಿ ಬರುವ ತಣ್ಣನೆಯ ಅನಿಲ. ಕಂಪ್ರೆಸರ್‌ನಿಂದ 15 ಸೆಂ.ಮೀ. ದೂರದಲ್ಲಿ ಹೊರಗೊಳವೆಯ ಬಿಸಿ ಸುಮಾರು 107 ಡಿಗ್ರಿ ದಾಟಿದರೆ ಒಳಗಿನ ಎಣ್ಣೆ ಕೆಡತೊಡಗಿದೆ ಎಂದೇ ಅರ್ಥ.

ಇನ್ನು ವಿದ್ಯುತ್ತು. ಮೂರು ಫೇಸುಗಳ ವೋಲ್ಟೇಜ್ ಸಮನಾಗಿರಬೇಕು. ಶೇಕಡ 2ರಷ್ಟು ಅಸಮತೆಯಿದ್ದರೆ ಮೋಟಾರಿನ ಬಿಸಿಯೇರಿಕೆ ಸುಮಾರು ಶೇಕಡ 8ರಷ್ಟು, 3 ಇದ್ದರೆ 18ರಷ್ಟು ಹೆಚ್ಚುತ್ತದೆ. ಒಂದು ಫೇಸ್ ಪೂರ್ತಿ ಹೋದರೆ ಕೇಳುವುದೇ ಬೇಡ. ಆಗ ಯಂತ್ರ ನಿಲ್ಲಿಸುವ ರಿಲೇ ಇರುತ್ತದೆ, ಆದರೆ 'ಪದೇ ಪದೇ ಟ್ರಿಪ್ ಆಗುತ್ತದೆ' ಎಂದು ಅದನ್ನೇ ಬೈಪಾಸ್ ಮಾಡಿಬಿಡುತ್ತಾರೆ. ಕಾವಲು ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದಂತೆ.

ಆದ್ದರಿಂದ ಸುಟ್ಟ ಕಂಪ್ರೆಸರನ್ನು ಗುಜರಿಗೆ ಹಾಕುವ ಮುನ್ನ ಕತ್ತರಿಸಿ ನೋಡುವುದು ಒಳ್ಳೆಯದು. ಸುರುಳಿಗಳೆಲ್ಲ ಒಂದೇ ಸಮ ಕಪ್ಪಾಗಿದ್ದರೆ ಅತಿಯಾದ ಬಿಸಿ ಅಥವಾ ಹೊರೆ. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ಸುರುಳಿ ಸುಟ್ಟು ಮೂರನೆಯದು ಹೊಸದರಂತಿದ್ದರೆ ಒಂದು ಫೇಸ್ ಕೈಕೊಟ್ಟಿದೆ. ಬೇರಿಂಗ್ ಸವೆದು, ಎಣ್ಣೆ ತೆಳುವಾಗಿದ್ದರೆ ದ್ರವದ ಕೆಲಸ. ವಾರಂಟಿ ಇರುವಲ್ಲಿ ಮಾತ್ರ ಕಂಪೆನಿಯವರನ್ನು ಕೇಳದೆ ಕತ್ತರಿಸಬಾರದು.

ಸುಟ್ಟ ಮೋಟಾರು ಕೊಳವೆಗಳಲ್ಲಿ ಆಮ್ಲವನ್ನೂ ಬಿಟ್ಟುಹೋಗುತ್ತದೆ. ಅದನ್ನು ತೊಳೆಯದೆ, ಫಿಲ್ಟರ್ ಡ್ರೈಯರ್ ಬದಲಾಯಿಸದೆ ಕೂರಿಸಿದ ಹೊಸ ಕಂಪ್ರೆಸರ್‌ನ ಸುರುಳಿಗೆ ಮೊದಲ ದಿನದಿಂದಲೇ ಆ ಆಮ್ಲ ತಾಗುತ್ತದೆ. ಸಂಘದ ಕಾರ್ಯದರ್ಶಿ ದಿನವೂ ಫ್ಯಾಟ್ ಬರೆಯುವ ಪುಸ್ತಕದ ಪಕ್ಕದಲ್ಲೇ ಒತ್ತಡ, ಆಂಪಿಯರ್, ಹೊರಗೊಳವೆಯ ಬಿಸಿ, ಈ ಮೂರನ್ನೂ ಗುರುತಿಸಿಟ್ಟರೆ, ಮುಂದಿನ ಸಲ ಮೆಕ್ಯಾನಿಕ್‌ಗೆ ತೋರಿಸಲು ಏನಾದರೂ ಇರುತ್ತದೆ.