ಅಲ್ಮಾರಿಯೊಳಗಿನ ಗಣಿತ

ಹತ್ತಿ ಬಿಡಿಸುವ ಕಾಲ ಬಂತೆಂದರೆ ನಮ್ಮ ಮಸರಕಲ್ ಸೀಮೆಯ ಶಾಲೆಗಳಲ್ಲಿ ಹಾಜರಿ ಇಳಿಯುತ್ತದೆ. ಬೆಳಿಗ್ಗೆ ಅವ್ವನ ಜೊತೆ ಹೊಲಕ್ಕೆ ಹೋದ ಐದನೆಯ ತರಗತಿಯ ಹುಡುಗಿ ಸಂಜೆ ತಕ್ಕಡಿಯ ಮುಂದೆ ನಿಂತು, ಅವ್ವನದು ಇಷ್ಟು ಕಿಲೋ, ತನ್ನದು ಇಷ್ಟು, ಎರಡೂ ಸೇರಿ ಕೂಲಿ ಇಷ್ಟು ಎಂದು ಬಾಯಲ್ಲೇ ಹೇಳುತ್ತಾಳೆ. ಮರುದಿನ ಅದೇ ಹುಡುಗಿ ಬೋರ್ಡಿನ ಮೇಲೆ 52ರಲ್ಲಿ 17 ಕಳೆದು 45 ಎಂದು ಬರೆಯುತ್ತಾಳೆ. ಎರಡರಲ್ಲಿ ಏಳು ಹೋಗುವುದಿಲ್ಲವಲ್ಲ, ಅದಕ್ಕೇ ಏಳರಲ್ಲಿ ಎರಡು ಕಳೆದಿದ್ದಾಳೆ. (ಅವಳು ಹೊಲದಲ್ಲಿ ಇರಲೇಬಾರದಿತ್ತು. ಅದು ಬೇರೆಯೇ ಜಗಳ, ಅದನ್ನೂ ಆಡುತ್ತೇನೆ, ಇನ್ನೊಮ್ಮೆ.)

ಆ 45 ನೋಡಿ, "ಈ ಮಕ್ಕಳ ತಲಿಗೆ ಗಣಿತ ಹತ್ತಂಗಿಲ್ಲ" ಎನ್ನುವವರ ಜೊತೆ ನನ್ನ ಇವತ್ತಿನ ಜಗಳ.

ಎರಡು ವರ್ಷ ನಾನು ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ಅಲ್ಲಿನ ಅಲ್ಮಾರಿಯಲ್ಲಿ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆ ಇತ್ತು. ಬೆಂಗಳೂರಿನ ಅಕ್ಷರ ಫೌಂಡೇಶನ್ ಸರ್ಕಾರದ ಜೊತೆಗೂಡಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆಂದು ಶಾಲೆಗಳಿಗೆ ಮುಟ್ಟಿಸಿದ ಪೆಟ್ಟಿಗೆ ಅದು. ಮಣಿಗಳು, ಸ್ಥಾನಬೆಲೆಯ ಪಟ್ಟಿಗಳು, ಭಿನ್ನರಾಶಿಯ ತುಂಡುಗಳು, ಗಡಿಯಾರ, ದಾಳ, ಅಳತೆಯ ಟೇಪು. ಎಲ್ಲವೂ ಹೊಸದರಂತೆ ಇದ್ದವು. ಹಿರಿಯರೊಬ್ಬರು ಬೀಗದ ಕೈ ಕೊಡಲು ಹಿಂಜರಿದರು. "ಮಣಿ ಕಳದ್ರ ಸ್ಟಾಕ್ ರಿಜಿಸ್ಟರಿನಾಗ ಏನ್ ಬರೀಲಿ?" ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮಗು ಕಲಿಯದಿದ್ದರೆ ಯಾರೂ ಕೇಳುವುದಿಲ್ಲ, ಮಣಿ ಕಳೆದರೆ ಕೇಳುತ್ತಾರೆ ಎಂಬುದನ್ನು ವ್ಯವಸ್ಥೆಯೇ ಅವರಿಗೆ ಕಲಿಸಿತ್ತು.

ಅಲ್ಮಾರಿ ತೆರೆಯುವವರೆಗೆ ತೊಗರಿ ಕಟ್ಟಿಗೆಯ ತುಂಡುಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸಿದೆ. ಐದು ಕಟ್ಟು, ಎರಡು ಬಿಡಿ. ಅದು 52. ಇದರಲ್ಲಿ 17 ನನಗೆ ಕೊಡು ಎಂದೆ. ಹುಡುಗಿ ಒಂದು ಕಟ್ಟು ಕೊಟ್ಟಳು, ಎರಡು ಬಿಡಿ ಕೊಟ್ಟಳು, ಆಮೇಲೆ ನಿಂತಳು. ಇನ್ನೂ ಐದು ಬೇಕು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಒಂದು ಕಟ್ಟಿನ ರಬ್ಬರ್ ಬಿಚ್ಚಿದಳು, ಐದು ಎಣಿಸಿ ಕೊಟ್ಟಳು, ಉಳಿದದ್ದನ್ನು ನೋಡಿ "ಮೂವತ್ತೈದ್ರಿ ಸರ್" ಎಂದಳು. ಪಕ್ಕದ ಹುಡುಗ ಕೇಳಿದ ಪ್ರಶ್ನೆಯನ್ನು ನಾನಿನ್ನೂ ಮರೆತಿಲ್ಲ: "ಹಂಗಾದ್ರ ಬೋರ್ಡಿನ ಮ್ಯಾಲೆ ಸಾಲ ತಗೋತೀವಿ ಅಂತೀರಲ್ರಿ, ಆ ಸಾಲ ತಿರುಗಿ ಯಾವಾಗ ಕೊಡಬೇಕ್ರಿ?"

ಮನೆಯಲ್ಲಿ ಸಾಲವೆಂದರೆ ಏನೆಂದು ಗೊತ್ತಿರುವ ಮಗುವಿಗೆ ನಾವು ತೀರಿಸಬೇಕಿಲ್ಲದ ಸಾಲವೊಂದನ್ನು ವರ್ಷಗಟ್ಟಲೆ ಕಲಿಸಿದ್ದೆವು. ಅಲ್ಲಿ ಸಾಲವೇ ಇರಲಿಲ್ಲ. ನೂರರ ನೋಟು ಚಿಲ್ಲರೆ ಮಾಡಿಸಿದ ಹಾಗೆ, ತನ್ನದೇ ಕಟ್ಟನ್ನು ತಾನೇ ಬಿಚ್ಚುವುದಷ್ಟೆ. ಬೆರಳು ರಬ್ಬರ್ ಬಿಚ್ಚದೆ ಅದು ಅವನಿಗಿರಲಿ, ನನಗೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಇದಕ್ಕೆ ಎರಡು ಕಡೆಯಿಂದ ವಿರೋಧ ಬರುತ್ತದೆ. ಒಂದು, ಸಿಲಬಸ್ ಮುಗಿಯುವುದಿಲ್ಲ ಎಂಬುದು. ಹೌದು, ಮುಗಿಯುವುದಿಲ್ಲ. ಈಗ ಮುಗಿಯುತ್ತಿದೆಯಲ್ಲ, 45 ಎಂದು ಬರೆಯುವ ಮಕ್ಕಳೊಂದಿಗೆ.

ಎರಡನೆಯದು ಸಾಹಿತ್ಯ ಓದಿಕೊಂಡ ನಮ್ಮಂಥವರದು, ಕೇಳಲು ಇಂಪಾದದ್ದು: ಹಳ್ಳಿಯ ಮಗುವಿಗೆ ಬದುಕೇ ಗಣಿತ ಕಲಿಸಿದೆ, ಶಾಲೆ ಅದನ್ನು ಕೆಡಿಸದಿದ್ದರೆ ಸಾಕು. ನಾನೂ ಹಾಗೇ ಅಂದುಕೊಂಡಿದ್ದೆ. 1985ರಲ್ಲಿ ಪ್ರಕಟವಾದ ಬ್ರೆಜಿಲ್‌ನ ರೆಸಿಫೆ ನಗರದ ಅಧ್ಯಯನದಲ್ಲಿ 12 ವರ್ಷದ ಹುಡುಗನೊಬ್ಬ 35ರಂತೆ ಹತ್ತು ತೆಂಗಿನಕಾಯಿಯ ಬೆಲೆಯನ್ನು ಮೂರು ಮೂರಾಗಿ ಕೂಡಿಸಿ, 105, 210, 315, ಇನ್ನೊಂದು ಸೇರಿ 350 ಎನ್ನುತ್ತಾನೆ. ಓದಿ ಖುಷಿಪಟ್ಟಿದ್ದೆ. ಆದರೆ ಅದೇ ಅಧ್ಯಯನದ ಮಕ್ಕಳು ಅದೇ ಲೆಕ್ಕಗಳನ್ನು ಕಾಗದದ ಮೇಲೆ ಕೊಟ್ಟಾಗ ಎಡವಿದರು. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬರೆದದ್ದೂ ಇದನ್ನೇ. ಜೊತೆಗೆ, ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋಲುತ್ತಾರೆ ಎಂದೂ. ಎರಡು ದಂಡೆಗಳಿವೆ, ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ.

ಕಟ್ಟಿಗೆ, ಮಣಿ, ಪಟ್ಟಿಗಳು ಆ ಸೇತುವೆಯ ಕೆಲಸಕ್ಕೆ. ಸುಮ್ಮನೆ ಆಡಲಿಕ್ಕಲ್ಲ. ತಿಂಗಳುಗಟ್ಟಲೆ ಮಣಿ ಎಣಿಸಿ ಅಲ್ಲಿಗೇ ಬಿಟ್ಟರೆ ಅದೂ ಸಮಯ ಹಾಳು. ಅಂಥ ತರಗತಿಗಳನ್ನೂ ನೋಡಿದ್ದೇನೆ. ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಮಗು ನಡೆಯಬೇಕು, ತಪ್ಪಿದಾಗ ಮತ್ತೆ ಕಟ್ಟಿಗೆಗೆ ಹಿಂದಿರುಗಬೇಕು. ಪಕ್ಕದಲ್ಲಿ ನಿಲ್ಲಲು ಶಿಕ್ಷಕ ಬೇಕು. ಕಾಯಂ ಶಿಕ್ಷಕರ ಹುದ್ದೆ ಖಾಲಿ ಬಿಟ್ಟು, ವರ್ಷದ ನಡುವೆ ಅತಿಥಿಗಳನ್ನು ತಂದು, ಪೆಟ್ಟಿಗೆ ಕಳಿಸಿದ್ದೇವಲ್ಲ ಎನ್ನುವುದು ಎಂಥ ಮಾತು?

ನಮಗಿದು ಪರದೇಶದ ವಿದ್ಯೆಯೂ ಅಲ್ಲ. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರ ಗಣಿತ' ಎಂದೇ ಕೃತಿಗೆ ಹೆಸರಿಟ್ಟು ಕನ್ನಡದಲ್ಲಿ ಲೆಕ್ಕ ಬರೆದ. ನಮ್ಮ ಅಜ್ಜಂದಿರು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳುತ್ತಿದ್ದರು. ಈಗ ಅದೇ ಮುಕ್ಕಾಲನ್ನು ಮಕ್ಕಳಿಗೆ 3/4 ಎಂದು ಕೊಟ್ಟು, ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿಸುತ್ತೇವೆ. 40 ಗುಂಟೆಗೆ ಒಂದು ಎಕರೆ ಎಂದು ಬಲ್ಲ ಹುಡುಗ 30 ಗುಂಟೆ ಎಂದರೆ ಮುಕ್ಕಾಲು ಎಕರೆ ಎಂದು ತಡವಿಲ್ಲದೆ ಹೇಳುತ್ತಾನೆ. ಅಲ್ಲಿಂದ ಶುರು ಮಾಡಿ ಅವನನ್ನು 3/4ರ ತನಕ ಕರೆತರಲು ನಮಗೇನು ಕಷ್ಟ?

ಕಷ್ಟ ಕಂಡದ್ದು ನನಗೆ ಬೇರೆಡೆ. ದಿನದ ಲೆಕ್ಕ ಬಾಯಲ್ಲಿ ಹಿಡಿಯುತ್ತದೆ, ವಾರದ ಲೆಕ್ಕ ಮೇಸ್ತ್ರಿಯ ಚೀಟಿಗೆ ಹೋಗುತ್ತದೆ. ಆ ಚೀಟಿಯಲ್ಲಿ ಅಂಕಿಗಳು ಒಂದರ ಕೆಳಗೊಂದು ಇರುತ್ತವೆ, ಬೋರ್ಡಿನ ಮೇಲಿನ ಹಾಗೆಯೇ. ಒಂದು ಸೋಮವಾರ ಆ ಹುಡುಗಿ ಮಡಚಿದ ಚೀಟಿ ತಂದು ಮೇಜಿನ ಮೇಲಿಟ್ಟಳು. 64 ಕಿಲೋ, ಕಿಲೋಗೆ 10. ಮುಂಗಡ 275 ಕಳೆದು 345. ಅವಳು ಹಿಂದಿನ ಹಾಳೆಯಲ್ಲಿ ಕಟ್ಟು, ಬಿಡಿಗಳ ಚಿತ್ರ ಬರೆದು, ಎರಡು ಕಟ್ಟುಗಳನ್ನು ಬಿಚ್ಚಿ, 365 ಎಂದು ಕೆಳಗೆ ಗೆರೆ ಎಳೆದಿದ್ದಳು. "ಇಪ್ಪತ್ತು ಕಮ್ಮಿ ಅದರಿ ಸರ್. ನಂದು ಸರಿ ಅದ ಇಲ್ಲ, ನೋಡ್ರಿ."

ಸರಿಯಿತ್ತು. ಅವಳು ಚೀಟಿಯನ್ನು ಮತ್ತೆ ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದಳು.